ಅಟ್ಟದ ತೊಲೆ ಹೋದ ಮೇಲೆ ಗೋಡೆಯನ್ನು ಹಿಡಿದುಕೊಳ್ಳುವವರಾರು?

ಶಿರಸಿ ಸೀಮೆಯ ಹಳೆಯ ಹಂಚಿನ ಮನೆಗಳನ್ನು ದುರಸ್ತಿ ಮಾಡಿಸುವಾಗ, ಹಜಾರ ಎತ್ತರವಾಗಿ ಕಾಣಲೆಂದು ಅಟ್ಟವನ್ನು ಕಿತ್ತು, ಅದರ ತೊಲೆಗಳನ್ನೂ ಕೊಯ್ದು ತೆಗೆಯುವುದುಂಟು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ತಲೆ ಹೊರಕ್ಕೆ ವಾಲಿ, ಮಾಡಿನ ನೆತ್ತಿ ತಗ್ಗಿ, ಹಂಚಿನ ಸಾಲು ಬಿಟ್ಟುಕೊಂಡು ಸೋರತೊಡಗಬಹುದು. ಆಗ ಬೈಗುಳ ತಿನ್ನುವುದು ಹಂಚು. ಆ ತೊಲೆ ಏನು ಕೆಲಸ ಮಾಡುತ್ತಿತ್ತೆಂದು ಕೇಳುವವರು ಕಡಿಮೆ.

ಇಳಿಜಾರು ಮಾಡಿನ ಪಕಾಸುಗಳು, ಅಂದರೆ ನೆತ್ತಿಯಿಂದ ಗೋಡೆಗೆ ಇಳಿಯುವ ಓರೆ ಮರಗಳು, ಭಾರವನ್ನು ಕೆಳಕ್ಕೆ ಇಳಿಸುವುದರ ಜೊತೆಗೆ ಗೋಡೆಗಳನ್ನು ಹೊರಕ್ಕೂ ತಳ್ಳುತ್ತವೆ. ಎದುರುಬದುರು ಗೋಡೆಗಳನ್ನು ಒಂದಕ್ಕೊಂದು ಎಳೆದು ಹಿಡಿದು ಆ ತಳ್ಳನ್ನು ತಡೆಯುವುದೇ ಅಟ್ಟದ ತೊಲೆಯ ಕೆಲಸ. ನೆತ್ತಿಯ ಮರಕ್ಕೆ ನಡುಗೋಡೆಯ ಅಥವಾ ಕಂಬದ ಆಸರೆ ಇದ್ದರೆ ಈ ತಳ್ಳು ಕಡಿಮೆ. ಮಂಗಳೂರು ಹಂಚು ಮತ್ತು ಅದು ಕೂರುವ ಮರದ ಪಟ್ಟಿ, ಅಂದರೆ ರೀಪಿನ ತೂಕವನ್ನು ಚದರ ಮೀಟರಿಗೆ ಸುಮಾರು 65 ಕಿಲೋ ಎಂದು ಹಿಡಿಯುತ್ತಾರೆ. ಕೋಣೆಯ ಅಗಲ 6 ಮೀಟರ್, ಮಾಡಿನ ಇಳಿಜಾರು 30 ಡಿಗ್ರಿ, ಗೋಡೆಗಳನ್ನು ಹಿಡಿದಿಡಲು ಮೂರು ಮೀಟರಿಗೊಂದು ಕಟ್ಟು (ತೊಲೆ ಅಥವಾ ಸರಳು) ಎಂದಿಟ್ಟುಕೊಂಡರೆ, ಒಣ ಹಂಚಿನ ಭಾರಕ್ಕೇ ಪ್ರತಿ ಕಟ್ಟಿನ ಮೇಲೆ 600 ಕಿಲೋದಷ್ಟು ಎಳೆತ ಬೀಳುತ್ತದೆ. ಅಡಿಕೆ ಸೋಗೆ ಹೊದೆಸಿದ ಹಗುರ ಮಾಡಿಗೆ ಇಂಥ ಚಿಂತೆ ಇರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ನಂತರ ಕರಾವಳಿಯ ಮಾಡುಗಳಿಗೆ ಹೊಸ ಭಾರ ಬಂತು, ಅದನ್ನು ಅಟ್ಟದ ದಪ್ಪ ತೊಲೆಗಳು ಸದ್ದಿಲ್ಲದೆ ಹೊತ್ತವು.

ಎಳೆತಕ್ಕೆ ಕಬ್ಬಿಣ ಒಡ್ಡುವ ಉಪಾಯ ಇದಕ್ಕಿಂತ ಬಹಳ ಹಳೆಯದು. ಇಟಲಿಯ ಕಮಾನುಗಳ ಬುಡಕ್ಕೆ ಅಡ್ಡಲಾಗಿ ಕಬ್ಬಿಣದ ಸರಳು ಕೂರಿಸುವುದು ಶತಮಾನಗಳ ರೂಢಿ. ರೋಮಿನ ಸಂತ ಪೀಟರ್ ಚರ್ಚಿನ ಗುಮ್ಮಟ ಬಿರುಕುಬಿಟ್ಟಾಗ 1740ರ ದಶಕದಲ್ಲಿ ಅದಕ್ಕೆ ಹೊಸದಾಗಿ ಕಬ್ಬಿಣದ ಬಳೆಗಳನ್ನು ತೊಡಿಸಲಾಯಿತು. ಇನ್ನೂ ಸೊಗಸಾದದ್ದು ಪ್ಯಾರಿಸ್ಸಿನಲ್ಲಿ 19ನೆಯ ಶತಮಾನದ ಆರಂಭದಲ್ಲಿ ನಡೆದ ಕೆಲಸ: ಹೊರಕ್ಕೆ ವಾಲಿದ್ದ ಗೋಡೆಗಳ ನಡುವೆ ಸರಳು ಹಾಯಿಸಿ, ಕಾಯಿಸಿ, ಉದ್ದವಾದಾಗ ನಟ್ಟು ಬಿಗಿದು, ಆರುವಾಗ ಅದು ಕುಗ್ಗುವ ಬಲದಿಂದಲೇ ಗೋಡೆಯನ್ನು ಒಳಕ್ಕೆ ಎಳೆದರು. ಎತ್ತಿನ ಗಾಡಿಯ ಚಕ್ರಕ್ಕೆ ಕಾದ ಪಟ್ಟಿ ಕೂರಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. 1837ರಲ್ಲಿ ಕಮಿಲ್ ಪೊಲೊನ್ಸೊ ಎಂಬ ಫ್ರೆಂಚ್ ಎಂಜಿನಿಯರ್ ಒತ್ತಡಕ್ಕೆ ಮರ, ಎಳೆತಕ್ಕೆ ಕಬ್ಬಿಣ ಎಂದು ಕೆಲಸ ಹಂಚಿದ ಮಾಡಿನ ಚೌಕಟ್ಟನ್ನು ರೂಪಿಸಿದ; 1856ರ ಬೆಸೆಮರ್ ವಿಧಾನದಿಂದ ಉಕ್ಕು ಅಗ್ಗವಾಗುತ್ತ ಬಂದಂತೆ ಆ ಕಬ್ಬಿಣದ ಜಾಗಕ್ಕೆ ಉಕ್ಕು ಬಂತು.

ಕಿತ್ತ ತೊಲೆಯ ಬದಲು ಗೋಡೆಯಿಂದ ಗೋಡೆಗೆ ಉಕ್ಕಿನ ಸರಳು ಹಾಯಿಸುವುದಾದರೆ, ಮೇಲಿನ ಲೆಕ್ಕದ ಎಳೆತಕ್ಕೆ 16 ಮಿಲಿಮೀಟರ್ ದಪ್ಪದ್ದು ಧಾರಾಳ ಸಾಕು. ಆದರೆ ಸರಳಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ಹಂಚು ತೆಗೆದು ಹಗುರ ಶೀಟು ಹೊದೆಸಿದರೆ, 2021ರ ಮೇ ತಿಂಗಳ ತೌಕ್ತೆಯಂಥ ಚಂಡಮಾರುತದಲ್ಲಿ ಗಾಳಿ ಮಾಡನ್ನು ಮೇಲಕ್ಕೆ ಹೀರುತ್ತದೆ, ಬಲಗಳು ತಿರುವುಮುರುವಾಗುತ್ತವೆ, ಸರಳು ಜೋತುಬೀಳುತ್ತದೆ. ಅಂಥಲ್ಲಿ ಮಾಡನ್ನು ಗೋಡೆಗೆ ಕೆಳಮುಖವಾಗಿ ಬಿಗಿಯುವ ಬೋಲ್ಟು ಬೇರೆಯೇ ಬೇಕು.

ಕಾರವಾರದ ಉಪ್ಪುಗಾಳಿಯದು ಇನ್ನೊಂದು ಕಾಟ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ, ಗೋಡೆಯೊಳಗೆ ಹುದುಗಿದ ಸರಳಿನ ತುದಿ ಮೆತ್ತನೆಯ ಚಿರೆಕಲ್ಲನ್ನು ಒಳಗಿನಿಂದಲೇ ಸೀಳಬಲ್ಲದು. ಸತುವಿನ ಲೇಪವಿರುವ ಸರಳು, ಒತ್ತಡವನ್ನು ಹಲವು ಕಲ್ಲುಗಳಿಗೆ ಹಂಚುವ ಅಗಲ ತಗಡು, ಬಿಗಿ ಸರಿಪಡಿಸಲು ನಡುವೆ ಟರ್ನ್‌ಬಕಲ್ (ತಿರುಗಿಸಿ ಬಿಗಿ ಮಾಡುವ ತಿರುಪು ಜೋಡಣೆ) ಇರಬೇಕು. ಈಗಾಗಲೇ ವಾಲಿದ ಚಿರೆಕಲ್ಲಿನ ಗೋಡೆಯನ್ನು ಒಂದೇ ದಿನದಲ್ಲಿ ಎಳೆದು ನೆಟ್ಟಗೆ ಮಾಡಹೊರಡಬಾರದು. ಮೊದಲು ಮಾಡಿಗೆ ಆಧಾರ ಕೊಟ್ಟು ಭಾರ ಇಳಿಸಿ, ಆಮೇಲೆ ವಾಲಿದಷ್ಟಕ್ಕೇ ಹಿಡಿದು ನಿಲ್ಲಿಸುವುದು ಲೇಸು.