ಹತ್ತಕ್ಕೆ ಒಂಬತ್ತೇ ಯಾಕೆ, ಡಾಕ್ಟ್ರೇ?

ಡಿಸ್ಚಾರ್ಜ್ ಚೀಟಿಯಲ್ಲಿ ‘ಆಪ್ಗಾರ್ 8, 9’ ಅಂತ ಬರೆದುಕೊಟ್ಟರೆ ಸಾಕು, ಯಾರಾದರೂ ವಾಪಸ್ ಬಂದೇ ಬರುತ್ತಾರೆ. ಹುಟ್ಟಿದ ಒಂದನೇ ಮತ್ತು ಐದನೇ ನಿಮಿಷಕ್ಕೆ ಮಗು ಹೇಗಿದೆ ಅಂತ ನೋಡಿ ಹತ್ತಕ್ಕೆ ಕೊಡುವ ಅಂಕ ಅದು. ಮೊನ್ನೆ ಒಬ್ಬ ತಾತ ಬಂದಿದ್ದರು. ರಿಟೈರ್ಡ್ ಮೇಷ್ಟ್ರು. ‘ಆ ಒಂದು ಮಾರ್ಕ್ಸ್ ಎಲ್ಲಿ ಹೋಯ್ತು? ಪಕ್ಕದ ರೂಮಿನ ಮಗುವಿಗೆ ಹತ್ತಂತಲ್ಲ?’

ಕೈಕಾಲಿನ ಬಣ್ಣಕ್ಕೆ ಹೋಯ್ತು ಸ್ವಾಮಿ. ಎದೆಬಡಿತ, ಉಸಿರು, ಮೈಯ ಬಿಗಿ, ಕೆಣಕಿದರೆ ಮುಖ ಕಿವುಚುವುದು, ಬಣ್ಣ. ಒಂದೊಂದಕ್ಕೂ 0, 1 ಅಥವಾ 2. ಆಗ ತಾನೇ ಹುಟ್ಟಿದ ಮಗುವಿನ ಅಂಗೈ, ಅಂಗಾಲು ಸ್ವಲ್ಪ ಹೊತ್ತು ನೀಲಿಯಾಗಿಯೇ ಇರುತ್ತವೆ. ಅದು ಸಹಜ. ಒಂದನೇ ನಿಮಿಷಕ್ಕೇ ಯಾರಾದರೂ ಹತ್ತು ಬರೆದಿದ್ದರೆ ನನಗೆ ಬರೆದವರ ಮೇಲೇ ಅನುಮಾನ.

ಇದನ್ನು ಶುರು ಮಾಡಿದ ವರ್ಜೀನಿಯಾ ಆಪ್ಗಾರ್ ಮಕ್ಕಳ ಡಾಕ್ಟರೇ ಅಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರಿವಳಿಕೆ ತಜ್ಞೆ. ಸರ್ಜನ್ ಆಗಬೇಕೆಂದಿದ್ದವರನ್ನು ಅವರ ಗುರುಗಳೇ ಆ ದಾರಿ ಬಿಡಿಸಿದ್ದರು. ಆಗೆಲ್ಲ ಹೆರಿಗೆಯಾದ ಕೂಡಲೇ ಎಲ್ಲರ ಕಣ್ಣು ತಾಯಿಯ ಮೇಲೆ. ಮಗುವನ್ನೂ ನೋಡಲೇಬೇಕು ಎನ್ನುವ ಶಿಸ್ತು ತಂದದ್ದು ಈಕೆಯ ಅಂಕಪಟ್ಟಿ. 1952ರಲ್ಲಿ ಮಂಡಿಸಿದರು, 1953ರಲ್ಲಿ ಅಚ್ಚಾಯಿತು. ಅಂದಹಾಗೆ, ಆಪ್ಗಾರ್ ಅಂದರೆ ಐದು ಇಂಗ್ಲಿಷ್ ಪದಗಳ ಮೊದಲಕ್ಷರ ಅಂತ ನರ್ಸಿಂಗ್ ಹುಡುಗಿಯರು ಬಾಯಿಪಾಠ ಮಾಡುತ್ತಾರೆ. ಆ ಜಾಣತನ ಹತ್ತು ವರ್ಷ ಆಮೇಲಿನದು. ಮೊದಲು ಅದು ಸುಮ್ನೆ ಒಬ್ಬ ಹೆಂಗಸಿನ ಹೆಸರು.

ಮತ್ತೆ ಮತ್ತೆ ಹೇಳುತ್ತೇನೆ, ಇದು ಪರೀಕ್ಷೆಯಲ್ಲ. ಮಗುವಿನ ಬುದ್ಧಿಯನ್ನು ಅಳೆಯುವುದಿಲ್ಲ, ಮುಂದೆ ಏನಾಗುತ್ತದೆ ಎಂದೂ ಹೇಳುವುದಿಲ್ಲ. ಜ್ವರ ನೋಡಿದ ಹಾಗೆ, ಈಗ ಹೇಗಿದೆ ಅಷ್ಟೇ. ಒಂದನೇ ನಿಮಿಷಕ್ಕೆ 4 ಇದ್ದ ಮಗು ಐದನೇ ನಿಮಿಷಕ್ಕೆ 8ಕ್ಕೆ ಬಂದರೆ ನಾವು ನಿಟ್ಟುಸಿರು ಬಿಡುತ್ತೇವೆ. ತಿಂಗಳು ತುಂಬದೆ ಹುಟ್ಟಿದವುಗಳ ಮೈ ಮೊದಲೇ ಸಡಿಲ, ಅಂಕವೂ ಕಡಿಮೆ. ಐದನೇ ನಿಮಿಷಕ್ಕೂ 7 ಮುಟ್ಟದಿದ್ದರೆ ಮತ್ತೆ ಮತ್ತೆ ಎಣಿಸುತ್ತೇವೆ, ಜಾಸ್ತಿ ಎಚ್ಚರದಿಂದ ನೋಡುತ್ತೇವೆ. ಆಗಲೂ ಅದೊಂದನ್ನೇ ನೋಡಿ ತೀರ್ಮಾನ ಮಾಡುವುದಿಲ್ಲ. ಇನ್ನೊಂದು, ಉಸಿರಾಡದ ಮಗುವಿಗೆ ಉಸಿರು ಕೊಡಲು ನಾವು ಈ ಅಂಕಕ್ಕೆ ಕಾಯುವುದೇ ಇಲ್ಲ. ಒಂದು ನಿಮಿಷ ಆಗುವ ಮೊದಲೇ ಕೈ ಹಾಕಿರುತ್ತೇವೆ.

ಮೇಷ್ಟ್ರು ಎಲ್ಲ ಕೇಳಿಸಿಕೊಂಡು ಕನ್ನಡಕ ಒರೆಸಿದರು. ‘ಹಾಗಾದ್ರೆ ರೀವ್ಯಾಲ್ಯುಯೇಷನ್ ಇಲ್ವಾ?’

‘ಆಗಿದೆಯಲ್ಲ ಸಾರ್, ಐದನೇ ನಿಮಿಷಕ್ಕೆ. ಎಂಟು ಒಂಬತ್ತಾಗಿದ್ದು ಅದರಲ್ಲೇ.’