ಸಬ್ಮಿಟ್ ಒತ್ತಿದ ಮೇಲೆ ಏನಾಯಿತು?

ಎಂಸಿಎ (ಕಂಪ್ಯೂಟರ್ ಅಪ್ಲಿಕೇಶನ್‌ಗಳ ಸ್ನಾತಕೋತ್ತರ ಪದವಿ) ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ವೈವಾಗಳಿಗೆ, ಎಂದರೆ ಮೌಖಿಕ ಪರೀಕ್ಷೆಗಳಿಗೆ, ಹೊರಗಿನ ಪರೀಕ್ಷಕನಾಗಿ ಹೋಗುವುದು ನನಗೆ ಏಳೆಂಟು ವರ್ಷಗಳಿಂದ ರೂಢಿಯಾಗಿದೆ. ವೃತ್ತಿಯಿಂದ ನಾನು ವೆಬ್ ಡೆವಲಪರ್, ಪಾಠ ಹೇಳುವವನಲ್ಲ. ಒಂದು ಹಗಲಿನಲ್ಲಿ ಹದಿನೈದು ಇಪ್ಪತ್ತು ಮಂದಿಯನ್ನು ಮಾತನಾಡಿಸಬೇಕಾಗಿರುವುದರಿಂದ, ಕಪ್ಪು ರೆಕ್ಸಿನ್ ರಟ್ಟಿನ ಮೇಲೆ ಚಿನ್ನದ ಅಕ್ಷರ ಹೊತ್ತ ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ‘ಈ ಸಬ್ಮಿಟ್ ಬಟನ್ ಒತ್ತಿದಿರಿ. ನೋಂದಣಿ ಆಯಿತು ಎಂಬ ಸಾಲು ತೆರೆಯ ಮೇಲೆ ಬಂತು. ನಡುವೆ ಏನೇನು ನಡೆಯಿತು, ಹೇಳಿ.’

‘ಡೇಟಾ ಸೇವ್ ಆಗುತ್ತದೆ, ಸರ್’ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಎಲ್ಲಿಂದ ಎಲ್ಲಿಗೆ ಹೋಗಿ ಸೇವ್ ಆಯಿತೆಂದರೆ, ಫ್ರಂಟ್ ಎಂಡ್‌ನಿಂದ (ತೆರೆಯ ಮೇಲೆ ಕಾಣುವ ಭಾಗ) ಬ್ಯಾಕ್ ಎಂಡ್‌ಗೆ (ಹಿಂದಿರುವ ಸರ್ವರಿನ ಭಾಗ). ಯಾವ ರೂಪದಲ್ಲಿ ಹೋಯಿತು, ದಾರಿಯಲ್ಲೇ ಕಳೆದುಹೋಗಿದ್ದರೆ ನಿಮಗೆ ಹೇಗೆ ತಿಳಿಯುತ್ತಿತ್ತು ಎಂಬಲ್ಲಿಗೆ ಬರುವಷ್ಟರಲ್ಲಿ ವಿದ್ಯಾರ್ಥಿ ಗೈಡ್ ಮುಖ ನೋಡತೊಡಗಿರುತ್ತಾನೆ. ಸಿನಾಪ್ಸಿಸ್‌ನಲ್ಲಿ ರಿಯಾಕ್ಟ್, ನೋಡ್, ಮೊಂಗೋಡಿಬಿ ಎಂದು ಹೊಸ ತಂತ್ರಾಂಶ ಸಲಕರಣೆಗಳ ಹೆಸರು ಬರೆದುಕೊಂಡವರ ಕಥೆಯೂ ಬಹುಮಟ್ಟಿಗೆ ಇದೇ. ಇದನ್ನು ನಾನು ಅವರ ದಡ್ಡತನವೆನ್ನಲಾರೆ. ಆ ನಡುವಿನ ದಾರಿಯಲ್ಲಿ ಅವರನ್ನು ಯಾರೂ ಕೈಹಿಡಿದು ನಡೆಸಿರುವುದಿಲ್ಲ, ಅಷ್ಟೆ.

ಮೂರು ವರ್ಷದ ಎಂಸಿಎ 2020–21ರ ಶೈಕ್ಷಣಿಕ ವರ್ಷದಿಂದ ಎರಡು ವರ್ಷಕ್ಕೆ ಇಳಿಯಿತು. ಆರು ಸೆಮಿಸ್ಟರ್ ಇದ್ದ ಕಡೆ ಈಗ ನಾಲ್ಕು. ಅದರಲ್ಲಿಯೂ ಕೊನೆಯದರ ಬಹುಭಾಗ ಪ್ರಾಜೆಕ್ಟ್‌ಗೋ ಇಂಟರ್ನ್‌ಶಿಪ್‌ಗೋ ಸಲ್ಲುತ್ತದೆ. ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬರುವವರಲ್ಲಿ ಬಿಸಿಎ ಮುಗಿಸಿದವರ ಜೊತೆಗೆ ಬಿಎಸ್ಸಿ, ಬಿಕಾಂ ಓದಿದವರೂ ಇರುತ್ತಾರೆ. ಒಬ್ಬರು ಮೂರು ವರ್ಷ ಪ್ರೋಗ್ರಾಮಿಂಗ್ ಮಾಡಿ ಬಂದವರು, ಇನ್ನೊಬ್ಬರು ಬ್ರಿಡ್ಜ್ ಕೋರ್ಸಿನಲ್ಲಿ ಮೊದಲ ಬಾರಿಗೆ ಲೂಪ್ ಬರೆದವರು. ಇಬ್ಬರಿಗೂ ಅದೇ ಸಿಲಬಸ್, ಅದೇ ಲ್ಯಾಬ್ ಪಟ್ಟಿ. ಫಾರ್ಮ್ ಪರಿಶೀಲನೆ, ಕ್ಯಾಲ್ಕ್ಯುಲೇಟರ್, ಒತ್ತಿದರೆ ಬಣ್ಣ ಬದಲಾಗುವ ಪುಟ, ಡೇಟಾಬೇಸ್‌ನಿಂದ ಪಟ್ಟಿ ತೆಗೆದು ತೋರಿಸುವುದು: ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಇವನ್ನು ರೆಕಾರ್ಡಿಗೆ ನಕಲು ಮಾಡಿ, ಔಟ್‌ಪುಟ್ ಅಂಟಿಸಿ, ಸಹಿ ಹಾಕಿಸಿಕೊಂಡರೆ ಇಂಟರ್ನಲ್ಸ್ ಅಂಕ ಬಂದುಬಿಡುವುದರಿಂದ, ಪ್ರೋಗ್ರಾಂ ಕೆಟ್ಟು ನಿಂತಾಗ ಅದರ ಒಳಗೇನಿದೆ ಎಂದು ಇಣುಕುವ ಸಂದರ್ಭವೇ ವಿದ್ಯಾರ್ಥಿಗೆ ಒದಗುವುದಿಲ್ಲ.

ವಿದ್ಯಾರ್ಥಿಗಳ ಚಿಂತೆ ಬೇರೆಯೇ ಇರುತ್ತದೆ. ರಿಯಾಕ್ಟ್ ಕಲಿಯಲೋ ಆಂಗ್ಯುಲರ್ ಕಲಿಯಲೋ, ಯಾವುದಕ್ಕೆ ಪ್ಲೇಸ್‌ಮೆಂಟ್‌ನಲ್ಲಿ ಬೆಲೆ ಹೆಚ್ಚು ಎಂಬ ಪ್ರಶ್ನೆ ಪ್ರತಿ ಕಾಲೇಜಿನಲ್ಲಿಯೂ ಎದುರಾಗುತ್ತದೆ. 2010ರಲ್ಲಿ ಬಂದ, ಆಂಗ್ಯುಲರ್‌ನ ಮೊದಲ ರೂಪವಾದ ಆಂಗ್ಯುಲರ್‌ಜೆಎಸ್ ಅನ್ನು ನನ್ನ ತಲೆಮಾರಿನವರು ಹಗಲಿರುಳು ಕಲಿತೆವು. 2022 ಕಾಲಿಡುವ ಹೊತ್ತಿಗೆ ಗೂಗಲ್ ಅದರ ಬೆಂಬಲವನ್ನೇ ಕೊನೆಗೊಳಿಸಿತು. ಅದಕ್ಕೂ ಹಿಂದೆ, ವೆಬ್ ಪುಟಗಳಲ್ಲಿ ಚಲಿಸುವ ಚಿತ್ರ ಮೂಡಿಸುತ್ತಿದ್ದ ಫ್ಲ್ಯಾಶ್ ಕಲಿತವರು 2020ರ ಡಿಸೆಂಬರ್ 31ರಂದು ಅದು ಕಣ್ಮುಚ್ಚಿದ್ದನ್ನು ಕಂಡರು. ಆದರೆ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಅವರು ಸರ್ನ್ ಪ್ರಯೋಗಾಲಯದಲ್ಲಿ 1991ರ ಹೊತ್ತಿಗೆ ರೂಪಿಸಿದ ಏರ್ಪಾಡು, ಎಂದರೆ ಬ್ರೌಸರ್ ಒಂದು ವಿನಂತಿ ಕಳುಹಿಸುವುದು, ಸರ್ವರ್ ಒಂದು ಉತ್ತರ ಕೊಡುವುದು, ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಮರೆತುಬಿಡುವುದು, ಇಂದಿಗೂ ತಳದಲ್ಲಿ ಹಾಗೆಯೇ ಇದೆ. ಬ್ರೌಸರ್ ಮತ್ತು ಸರ್ವರ್ ಹೇಗೆ ಮಾತಾಡಬೇಕೆಂದು ಹೇಳುವ, 1997ರಲ್ಲಿ ಮೊದಲು ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿಯನ್ನು ಓದಿ ಅರ್ಥ ಮಾಡಿಕೊಂಡವನಿಗೆ ಆ ತಿಳಿವಳಿಕೆ ಈ ಬೆಳಿಗ್ಗೆಯೂ ಕೆಲಸಕ್ಕೆ ಬಂದಿರುತ್ತದೆ. ಕೆಲಸಕ್ಕೆ ಸೇರಿದ ಮೇಲೆ ರಿಯಾಕ್ಟ್, ಆಂಗ್ಯುಲರ್‌ನಂಥ ಫ್ರೇಮ್‌ವರ್ಕ್ (ಸಿದ್ಧ ಚೌಕಟ್ಟು) ಕಲಿಸುವವರು ಸಿಗುತ್ತಾರೆ. ಕಂಪನಿಗೇ ಅದರ ಅಗತ್ಯವಿರುತ್ತದೆ. ತಳಪಾಯವನ್ನು ಕಲಿಸಲು ಅಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.

ಆದ್ದರಿಂದ ಮೊದಲ ಸೆಮಿಸ್ಟರ್‌ನವರಿಗೆ ನಾನು ಸೂಚಿಸುವ ಅಭ್ಯಾಸ ಬಹಳ ಸರಳವಾದದ್ದು. ಯಾವುದೇ ಜಾಲತಾಣವನ್ನು ತೆರೆದು, ಕೀಲಿಮಣೆಯಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಭಾಗಕ್ಕೆ ಹೋಗಿ, ಪುಟವನ್ನು ಮತ್ತೆ ಲೋಡ್ ಮಾಡಿ. ಒಂದು ಪುಟವೆಂದು ನೀವು ಭಾವಿಸಿದ್ದು ಎಷ್ಟೋ ಬಿಡಿ ವಿನಂತಿಗಳಾಗಿ ಸಾಲುಗಟ್ಟಿ ನಿಲ್ಲುತ್ತದೆ. ಒಂದು ಸಾಲನ್ನು ಹಿಡಿದು, ಯಾವ ವಿಳಾಸಕ್ಕೆ ಹೋಯಿತು, ಗೆಟ್ (ಮಾಹಿತಿ ಕೇಳುವುದು) ಆಗಿತ್ತೋ ಪೋಸ್ಟ್ (ಮಾಹಿತಿ ಕಳುಹಿಸುವುದು) ಆಗಿತ್ತೋ, ಜೊತೆಯಲ್ಲಿ ಯಾವ ಕುಕೀ ಹೊತ್ತೊಯ್ದಿತು, ಉತ್ತರವಾಗಿ ಬಂದ ಸಂಖ್ಯೆ 200 (ಸರಿ) ಆಗಿತ್ತೋ 404 (ಸಿಗಲಿಲ್ಲ) ಆಗಿತ್ತೋ 500 (ಸರ್ವರಿನಲ್ಲಿ ದೋಷ) ಆಗಿತ್ತೋ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪರಸ್ಪರ ಮರೆತುಹೋಗುವ ಬ್ರೌಸರ್ ಮತ್ತು ಸರ್ವರ್ ನಡುವೆ ನಿಮ್ಮ ಲಾಗಿನ್ ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ; 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಕುಕೀ ಎಂಬ ಸಣ್ಣ ಚೀಟಿಯನ್ನು ಏಕೆ ಕಂಡುಹಿಡಿಯಬೇಕಾಯಿತು ಎಂಬುದು ಆಗ ಉರು ಹೊಡೆಯಬೇಕಾದ ವಿಷಯವಾಗಿ ಉಳಿಯುವುದಿಲ್ಲ. ಎರಡು ವಾರ ಹೀಗೆ ನೋಡಿದವರು, ಮುಂದೆ ಫ್ರೇಮ್‌ವರ್ಕಿನ ಯಾವ ಸಾಲು ಯಾವ ಕೆಲಸವನ್ನು ಮರೆಮಾಡಿದೆ ಎಂದು ಗುರುತಿಸಬಲ್ಲವರಾಗುತ್ತಾರೆ.

ಎರಡನೆಯ ಅಭ್ಯಾಸ, ನಮ್ಮ ನಾಡಿನ ಹೆಸರುಗಳನ್ನೇ ಫಾರ್ಮಿಗೆ ಹಾಕಿ ನೋಡುವುದು. ವೈವಾದಲ್ಲಿ ತೋರಿಸುವ ಫಾರ್ಮುಗಳಲ್ಲಿ ಹೆಸರಿನ ಜಾಗಕ್ಕೆ ಎಲ್ಲರೂ ‘ಎಬಿಸಿ’ ಎಂದೋ ‘ಟೆಸ್ಟ್’ ಎಂದೋ ತುಂಬುತ್ತಾರೆ. ನಾನು ಕೀಲಿಮಣೆ ತೆಗೆದುಕೊಂಡು ಇಂಗ್ಲಿಷ್ ಅಕ್ಷರಗಳಲ್ಲಿ, ಮಂಗಳೂರಿನವರು ಬರೆಯುವ ಹಾಗೆ, ‘ಡಿ’ ಆದ ಮೇಲೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿ ‘ಡಿಸೋಜ’ ಎಂದು ಬರೆಯುತ್ತೇನೆ. ಅನೇಕ ಪ್ರಾಜೆಕ್ಟುಗಳು ಅಲ್ಲಿಯೇ ಕೆಂಪು ಅಕ್ಷರದ ದೋಷ ತೋರಿಸಿ ಕುಸಿಯುತ್ತವೆ. ಬಳಕೆದಾರ ಬರೆದದ್ದನ್ನು, ಡೇಟಾಬೇಸಿಗೆ ಆಜ್ಞೆ ಕೊಡುವ ಎಸ್‌ಕ್ಯೂಎಲ್ ಭಾಷೆಯ ವಾಕ್ಯದೊಳಗೆ ಪ್ಲಸ್ ಚಿಹ್ನೆಯಿಂದ ನೇರವಾಗಿ ಪೋಣಿಸಿರುವುದರಿಂದ, ಹೆಸರಿನ ನಡುವಿನ ಆ ಚಿಹ್ನೆಯನ್ನು ಡೇಟಾಬೇಸ್ ಹೆಸರು ಮುಗಿದ ಗುರುತೆಂದು ಓದಿ, ಉಳಿದ ಅಕ್ಷರಗಳನ್ನು ಆಜ್ಞೆಯೆಂದು ಭಾವಿಸಿ ತಬ್ಬಿಬ್ಬಾಗುತ್ತದೆ. ಒಬ್ಬ ಸಭ್ಯ ಮಂಗಳೂರಿಗನ ಹೆಸರಿಗೆ ಮುರಿಯುವ ಬಾಗಿಲು, ಕಳ್ಳನಿಗೆ ತೆರೆಯುವ ಬಾಗಿಲೂ ಹೌದು: ಅದೇ ಜಾಗದಲ್ಲಿ ಅವನು ಬೇಕೆಂದೇ ಒಂದು ಆಜ್ಞೆಯನ್ನು ಬರೆದು, ಪಾಸ್‌ವರ್ಡ್ ಇಲ್ಲದೆ ಒಳಗೆ ಬರಬಹುದು ಅಥವಾ ಇಡೀ ಟೇಬಲ್ ಓದಬಹುದು. ಈ ದಾಳಿಗೇ ಇರುವ ಹೆಸರಾದ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ಐದು ಅಂಕದ ಪ್ರಶ್ನೆಗೆ ಉತ್ತರ ಬರೆದವರೇ ತಮ್ಮ ಪ್ರಾಜೆಕ್ಟಿನಲ್ಲಿ ಅದನ್ನು ಗುರುತಿಸುವುದಿಲ್ಲ. ವಾಕ್ಯವನ್ನೂ ಮೌಲ್ಯವನ್ನೂ ಬೇರೆ ಬೇರೆಯಾಗಿ ಕಳುಹಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಇದಕ್ಕೆ ಮದ್ದು. ಆದರೆ ದೋಷ ತೋರಿಸಿದ ಬಳಿಕ ಹಲವರು ಮಾಡುವ ತಿದ್ದುಪಡಿ ಇನ್ನೂ ವಿಚಿತ್ರವಾದದ್ದು: ‘ಹೆಸರಿನಲ್ಲಿ ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ’ ಎಂದು ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟಿನಿಂದ ತಡೆ ಹಾಕುತ್ತಾರೆ. ಕಳ್ಳ ಆ ಜಾವಾಸ್ಕ್ರಿಪ್ಟನ್ನು ದಾಟಿ ನೇರವಾಗಿ ಸರ್ವರಿಗೇ ವಿನಂತಿ ಕಳುಹಿಸಬಲ್ಲ. ಹೆಸರನ್ನು ಕೆಡಿಸಿಕೊಂಡು ಬರೆಯಬೇಕಾದವನು ಡಿಸೋಜ ಒಬ್ಬನೇ. ಸರ್‌ನೇಮ್ ಕಡ್ಡಾಯ ಮಾಡಿರುವ ಫಾರ್ಮುಗಳ ಮುಂದೆ, ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನಷ್ಟೇ ಇಟ್ಟುಕೊಂಡ ಹಳೆ ಮೈಸೂರಿನವರು ಪಡುವ ಪಾಡೂ ಇಂಥದ್ದೇ.

ಕನ್ನಡವನ್ನು ತುಂಬಿದಾಗ ಪಾಠ ಇನ್ನೂ ಆಳಕ್ಕೆ ಹೋಗುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳೆಂದು ಒಂದನೆಯ ತರಗತಿಯ ಮಗುವನ್ನು ಕೇಳಿದರೆ ಮೂರು ಎನ್ನುತ್ತದೆ. ಜಾವಾಸ್ಕ್ರಿಪ್ಟ್ ಐದು ಎನ್ನುತ್ತದೆ, ಏಕೆಂದರೆ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕ, ನ, ವಿರಾಮ (ಒತ್ತಕ್ಷರ ಮಾಡುವ ಚಿಹ್ನೆ), ನ, ಡ ಎಂದು ಐದು ಸಂಕೇತಗಳಿವೆ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ ಡಿಸ್ಕಿನ ಮೇಲೆ ಅದು ಹದಿನೈದು. ಮೂರೂ ಉತ್ತರಗಳು ಸರಿ. ಡೇಟಾಬೇಸಿನ ಕಾಲಂನ ಉದ್ದವನ್ನು ಯಾವ ಲೆಕ್ಕದಲ್ಲಿ ಅಳೆಯಲಾಗುತ್ತದೆ ಎಂದು ತಿಳಿಯದವನ ಫಾರ್ಮಿನಲ್ಲಿ ಮಾತ್ರ ಇಂಗ್ಲಿಷ್ ಹೆಸರು ಹಿಡಿಸಿ ಕನ್ನಡದ ಹೆಸರು ತುಂಡಾಗುತ್ತದೆ. ಲ್ಯಾಬ್ ಪಟ್ಟಿಯಲ್ಲಿ ಪದವನ್ನು ಹಿಂದುಮುಂದು ಮಾಡುವ ಪ್ರೋಗ್ರಾಂ ಒಂದು ಹೆಚ್ಚುಕಡಿಮೆ ಎಲ್ಲ ಕಡೆಯೂ ಇರುತ್ತದೆ. ಅದಕ್ಕೆ ‘ಮೈಸೂರು’ ಎಂದು ಕೊಟ್ಟು ನೋಡಿ. ‘ರುಸೂಮೈ’ ಬರಬೇಕಾದ ಕಡೆ ಕೊನೆಯ ಕೊಂಬು ಒಡೆಯನಿಲ್ಲದೆ ಮುಂದೆ ಬಂದು ನಿಂತು, ಅದರ ಹಿಂದೆ ‘ರೂಸೈಮ’ ಎಂದು ಬರುತ್ತದೆ. ಪ್ರತಿ ಸ್ವರಚಿಹ್ನೆಯೂ ತನ್ನ ವ್ಯಂಜನವನ್ನು ಬಿಟ್ಟು ಪಕ್ಕದ ಮನೆಗೆ ಹೋಗಿ ಕೂತಿರುತ್ತದೆ. ತರಗತಿಯಲ್ಲಿ ಇದನ್ನು ತೋರಿಸಿದಾಗ ನಗು ಬರುತ್ತದೆ, ಆ ನಗುವಿನ ಬಳಿಕ ಬರುವ ಹತ್ತು ನಿಮಿಷದಲ್ಲಿ ಸಂಕೇತ, ಅಕ್ಷರ, ಬೈಟ್ ಎಂಬ ಮೂರರ ವ್ಯತ್ಯಾಸವನ್ನು ಹೇಳಿ ಮುಗಿಸಬಹುದು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಪುಟಕ್ಕೆ ಅಂಟಿಸಿದಾಗ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಏಕೆ ಕಾಣುತ್ತವೆ, ಡೇಟಾಬೇಸ್‌ನಲ್ಲಿ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಏಕೆ ಕೂರುತ್ತದೆ ಎಂಬವೂ ಅದೇ ಪಾಠದ ಮುಂದುವರಿಕೆ.

ಸಬ್ಮಿಟ್ ಬಟನ್ನನ್ನು ಎರಡು ಸಲ ಒತ್ತಿದರೆ ಏನಾಗುತ್ತದೆ ಎಂಬುದನ್ನೂ ಕೇಳುತ್ತೇನೆ. ನೆಟ್‌ವರ್ಕ್ ನಿಧಾನವಿದ್ದಾಗ ಯಾರಾದರೂ ಮಾಡುವ ಕೆಲಸವದು. ಹೆಚ್ಚಿನ ಪ್ರಾಜೆಕ್ಟುಗಳಲ್ಲಿ ಎರಡು ಅರ್ಜಿಗಳು ದಾಖಲಾಗುತ್ತವೆ. ಒಮ್ಮೆ ಒತ್ತಿದ ಮೇಲೆ ಬಟನ್ ನಿಷ್ಕ್ರಿಯಗೊಳಿಸಿದರೆ ಸಾಕೆಂದು ಅವರು ಹೇಳುತ್ತಾರೆ. ಸಾಲದು, ಏಕೆಂದರೆ ಮೊದಲ ವಿನಂತಿ ಸರ್ವರ್ ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು, ಬಳಕೆದಾರ ಪುಟವನ್ನು ಮತ್ತೆ ತೆರೆದು ಮತ್ತೆ ಕಳುಹಿಸಬಹುದು. ಪ್ರತಿ ಅರ್ಜಿಗೂ ಮೊದಲೇ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಹೊಸದಾಗಿ ಬರೆಯದೆ ಹಳೆಯ ಉತ್ತರವನ್ನೇ ಕೊಡುವ ವ್ಯವಸ್ಥೆ ಸರ್ವರಿನಲ್ಲಿಯೇ ಇರಬೇಕು. ದಿನಕ್ಕೆ ಹತ್ತು ಸಲ ಯುಪಿಐನಲ್ಲಿ ಹಣ ಕಳುಹಿಸುವ ವಿದ್ಯಾರ್ಥಿಗಳಿಗೆ ಇದರ ಮಹತ್ವ ವಿವರಿಸುವುದು ಕಷ್ಟವಲ್ಲ.

ಪಾಸ್‌ವರ್ಡನ್ನು ಹಾಗೆಯೇ ಬರೆದಿಟ್ಟ ಟೇಬಲ್ಲನ್ನು ಹೆಮ್ಮೆಯಿಂದ ತೋರಿಸುವವರು, ಯಾವ ಕಾರಣವೂ ಇಲ್ಲದೆ ಆಧಾರ್ ಸಂಖ್ಯೆ ಕೇಳುವ ಗ್ರಂಥಾಲಯದ ತಂತ್ರಾಂಶ ಬರೆದವರು ಈಗಲೂ ಸಿಗುತ್ತಾರೆ. 2023ರಲ್ಲಿ ನಮ್ಮ ದೇಶಕ್ಕೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿರುವುದನ್ನು ನೆನಪಿಸಿ ಮುಂದಿನವರನ್ನು ಕರೆಯುತ್ತೇನೆ.

ಸಿದ್ಧ ಪ್ರಾಜೆಕ್ಟುಗಳ ಮಾತು ಹೊಸದಲ್ಲ. ಕಾಲೇಜುಗಳ ಆಸುಪಾಸಿನಲ್ಲಿ ರಿಪೋರ್ಟು ಸಹಿತ ಪ್ರಾಜೆಕ್ಟ್ ಮಾರುವ ಅಂಗಡಿಗಳು ಹಿಂದೆಯೂ ಇದ್ದವು. ಈಗ ಎಐ ಸಹಾಯಕ ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ನಾನೂ ಕಚೇರಿಯಲ್ಲಿ ಅದನ್ನು ಬಳಸುತ್ತೇನೆ, ವಿದ್ಯಾರ್ಥಿ ಬಳಸಿದರೆ ಅಂಕ ಕಡಿಮೆ ಮಾಡುವುದಿಲ್ಲ. ಅದು ಬರೆದ ಸಾಲನ್ನು ಒಪ್ಪಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ಬೇಕಾದದ್ದು ಆ ನಡುವಿನ ದಾರಿಯ ಪರಿಚಯವೇ ಆದ್ದರಿಂದ, ನನ್ನ ಪ್ರಶ್ನೆಯನ್ನು ಬದಲಾಯಿಸುವ ಅಗತ್ಯ ಇದುವರೆಗೂ ಬಂದಿಲ್ಲ.

ವಿಷಯ ಆರಿಸುವಾಗ ದೊಡ್ಡದಕ್ಕೆ ಕೈಹಾಕಬೇಡಿ, ಲೋಕಲ್‌ಹೋಸ್ಟ್‌ನಲ್ಲಿಯೇ, ಎಂದರೆ ಸ್ವಂತ ಕಂಪ್ಯೂಟರಿನಲ್ಲಿಯೇ, ಉಳಿಯುವುದನ್ನೂ ಆರಿಸಬೇಡಿ ಎನ್ನುತ್ತೇನೆ. ಎರಡು ವರ್ಷಗಳ ಹಿಂದೆ ಹಾಸನದ ಕಡೆಯ ಒಬ್ಬ ವಿದ್ಯಾರ್ಥಿನಿ ತನ್ನ ಊರಿನ ಡೈರಿಗೆಂದು ಮಾಡಿದ ಪ್ರಾಜೆಕ್ಟ್ ತಂದಿದ್ದಳು. ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್, ಬಟವಾಡೆಯ ಮೊತ್ತ: ನಾಲ್ಕೇ ಪುಟ, ರಿಯಾಕ್ಟ್ ಇಲ್ಲ, ಬಣ್ಣವಿಲ್ಲ. ಜೊತೆಗಿದ್ದ ಪರೀಕ್ಷಕರು ಇದರಲ್ಲಿ ಮಷಿನ್ ಲರ್ನಿಂಗ್ ಎಲ್ಲಿದೆ ಎಂದು ಕೇಳಿದರು. ನಾನು ಎಂದಿನ ಪ್ರಶ್ನೆ ಕೇಳಿದೆ. ಅವಳು ವಿನಂತಿಯ ದಾರಿಯನ್ನು ಹಂತ ಹಂತವಾಗಿ ಹೇಳುತ್ತಾ ಬಂದು, ದಿನಾಂಕ ಬರೆಯುವ ಜಾಗದಲ್ಲಿ ನಿಂತು, ‘ಇಲ್ಲಿ ಒಂದು ತಪ್ಪಾಗಿತ್ತು, ಸರ್’ ಎಂದಳು. ಬೆಳಿಗ್ಗೆ ಮೊದಲು ಬರುವ ಕೆಲವರ ಹಾಲು ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತಿತ್ತಂತೆ, ಉಳಿದವರದ್ದು ಸರಿಯಾಗಿತ್ತು. ಒಬ್ಬ ಹಿರಿಯರು ಬಟವಾಡೆಯ ದಿನ ಪಾಸ್‌ಪುಸ್ತಕ ಹಿಡಿದು ಬಂದಾಗಲೇ ಅದು ಗೊತ್ತಾದದ್ದು. ಸರ್ವರ್ ದಿನಾಂಕವನ್ನು ಯುಟಿಸಿ (ಜಾಗತಿಕ ಪ್ರಮಾಣ ಕಾಲ) ಗಡಿಯಾರದಿಂದ ತೆಗೆದುಕೊಳ್ಳುತ್ತಿತ್ತು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, 5:30ಕ್ಕೆ ಮೊದಲು ಕ್ಯಾನ್ ತಂದವರಿಗೆ ಸರ್ವರಿನಲ್ಲಿ ಇನ್ನೂ ನಿನ್ನೆಯೇ ನಡೆಯುತ್ತಿತ್ತು. ಸಮಯವನ್ನು ಯುಟಿಸಿಯಲ್ಲಿಯೇ ಇಟ್ಟು, ದಿನದ ಲೆಕ್ಕವನ್ನು ಮಾತ್ರ ಭಾರತೀಯ ಕಾಲಮಾನಕ್ಕೆ ತಿರುಗಿಸಿದೆ ಎಂದಳು. ಈಗಾಗಲೇ ತಪ್ಪಾಗಿ ಕೂತಿದ್ದ ನಮೂದುಗಳನ್ನು ಏನು ಮಾಡಿದಿರಿ ಎಂದು ಕೇಳಿದೆ. ಅವನ್ನು ತಾನಾಗಿ ತಿದ್ದಲಿಲ್ಲವೆಂದೂ, ಪಟ್ಟಿ ಮುದ್ರಿಸಿ ಕಾರ್ಯದರ್ಶಿಯವರಿಂದ ಸಹಿ ಹಾಕಿಸಿಕೊಂಡ ಮೇಲೆ ಹಳೆಯ ಸಾಲನ್ನು ಅಳಿಸದೆ ಪಕ್ಕದಲ್ಲಿ ತಿದ್ದುಪಡಿಯ ಸಾಲು ಸೇರಿಸಿದೆನೆಂದೂ ಹೇಳಿ, ರಿಪೋರ್ಟಿನ ಕೊನೆಗೆ ಲಗತ್ತಿಸಿದ್ದ ಆ ಹಾಳೆಯನ್ನು ತೆಗೆದು ತೋರಿಸಿದಳು.