ಸವೆದಿದ್ರೂ ಪರ್ವಾಗಿಲ್ಲ, ತಿಕ್ಕಿರಬಾರ್ದು

ಹೋದ ತಿಂಗಳು ಆಲೂರು ಕಡೆಯಿಂದ ಒಬ್ರು ಅಜ್ಜಿ ಮೊಮ್ಮಗನ್ನ ಕರ್ಕೊಂಡು ಹಾಸನದ ನಮ್ಮ ಹಳೇ ನಾಣ್ಯದ ಅಂಗಡಿಗೆ ಬಂದಿದ್ರು. ಸೆರಗಿನ ಗಂಟು ಬಿಚ್ಚಿ ಏಳು ಬೆಳ್ಳಿ ರೂಪಾಯಿ ಇಟ್ರು, ಎಲ್ಲಾ ಫಳಫಳ. ವರಮಹಾಲಕ್ಷ್ಮಿ ಹಬ್ಬಕ್ಕೆ ವರ್ಷಾ ವರ್ಷಾ ಹುಣಸೆಹಣ್ಣು ಹಾಕಿ ತಿಕ್ಕಿ ಕಳಸದ ಮುಂದೆ ಇಡ್ತಾರಂತೆ. ಆರು 1918ರವು. ಏಳನೇದು 1911.

ಆರಕ್ಕೆ ನಾನು ತೂಕದ ರೇಟ್ ಹೇಳಿದೆ. ರೂಪಾಯಿ ಅಂದ್ರೆ ಒಂದು ತೊಲ, 11.66 ಗ್ರಾಂ, ಅದ್ರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. 1918ರಲ್ಲಿ ಕಲ್ಕತ್ತಾ ಬಾಂಬೆ ಎರಡೂ ಟಂಕಸಾಲೆ ಸೇರಿ 40 ಕೋಟಿಗೂ ಜಾಸ್ತಿ ಹೊಡೆದಿದ್ರು, ಯುದ್ಧದ ಟೈಮಲ್ಲಿ ಇಲ್ಲಿ ಬೆಳ್ಳಿ ಸಾಲ್ದೆ ಅಮೆರಿಕದವರು ತಮ್ಮ ಡಾಲರ್ ನಾಣ್ಯಗಳನ್ನೇ ಕರಗಿಸಿ ನಮಗೆ ಬೆಳ್ಳಿ ಮಾರಿದ್ರು ಅಂದ್ರೆ ಲೆಕ್ಕ ಹಾಕ್ಕೊಳಿ. ಹಂಗಾಗಿ ಅದು ಎಷ್ಟೇ ಹಳೇದಾದ್ರೂ ಅಪರೂಪ ಅಲ್ಲ.

1911ರದ್ದು ಬೇರೆ ಕಥೆ. ಐದನೇ ಜಾರ್ಜ್ ರಾಜನ ನಿಲುವಂಗಿ ಮೇಲಿದ್ದ ಆನೆಗೆ ಸೊಂಡಿಲು ಗಿಡ್ಡ, ಕಾಲೂ ಗಿಡ್ಡ, ನೋಡಿದ ಜನ ಇದು ಹಂದಿ ಅಂತ ಗಲಾಟೆ ಮಾಡಿದ್ರು. ಸರ್ಕಾರ ವಾಪಸ್ ತಗೊಂಡು ಬಹುಪಾಲು ಕರಗಿಸ್ತು, 1912ಕ್ಕೆ ಆನೆ ತಿದ್ದಿ ಹೊಸ ಅಚ್ಚು ಬಂತು. ಜನರ ಕೈಗೆ ಹೋಗಿ ಉಳ್ಕೊಂಡಿದ್ದೇ ಇವತ್ತಿನ ಹಂದಿ ರೂಪಾಯಿ. ಇಂಥ ಕಮ್ಮಿ ಸಿಗೋ ಇಸವಿಗೇ ನಮ್ಮ ಲೈನಲ್ಲಿ ಕೀ ಡೇಟ್ ಅನ್ನೋದು. 1921, 1922ರ ಬಾಂಬೆ ರೂಪಾಯಿ, 1939ರದ್ದು, ಇವೂ ಅದೇ ಗುಂಪು.

ಹೊಸಬರು ಬಂದ್ರೆ ಎಲ್ರಿಗೂ ಯುಎನ್‌ಸಿನೇ, ಅಂದ್ರೆ ಚಲಾವಣೆಗೇ ಹೋಗದೆ ಹೊಸದಾಗೇ ಉಳಿದಿದ್ದೇ ಬೇಕು, ಹೊಳೆಯೋದೇ ಬೇಕು. ಕೀ ಡೇಟಲ್ಲಿ ಆ ಹಟ ಬೇಡ ಅಂತೀನಿ ನಾನು. ಸಾಮಾನ್ಯ ಇಸವಿಗೆ ಗ್ರೇಡ್, ಅಂದ್ರೆ ಎಷ್ಟು ಸವೆದಿದೆ ಅನ್ನೋ ದರ್ಜೆ ನೋಡಿ ದುಡ್ಡು ಕೊಡ್ತೀವಿ, ಕೀ ಡೇಟಿಗೆ ಇಸವಿಗೇ ದುಡ್ಡು ಕೊಡ್ತಿರೋದು, ಅದಕ್ಕೇ ಫೈನ್, ವೆರಿ ಫೈನ್ ಮಟ್ಟದ್ದು ಸಂಬಳದ ಜನರ ಕೈಗೂ ಎಟುಕತ್ತೆ, ಮುಂದೆ ಮಾರೋಕೆ ಹೋದ್ರೂ ಗಿರಾಕಿ ಇರ್ತಾರೆ. ವೆರಿ ಫೈನ್ ಅಂದ್ರೆ ಕಿರೀಟದ ಕೆತ್ತನೆ ಅಲ್ಲಲ್ಲಿ ಮಟ್ಟಸವಾಗಿದ್ರೂ ಮುಕ್ಕಾಲು ಭಾಗ ಕಾಣ್ಬೇಕು, ಅಕ್ಷರ ಎಲ್ಲಾ ಗಟ್ಟಿ ಇರ್ಬೇಕು. ಫೈನಿಗೆ ಇಳಿದ್ರೆ ತಮಾಷೆ ನೋಡಿ, ಯಾವ ಆನೆಗೋಸ್ಕರ ಅಷ್ಟು ಗಲಾಟೆ ಆಯ್ತೋ ಅದೇ ಸವೆದು ಬರೀ ಗುಬುಟಾಗಿರತ್ತೆ. ಇಸವಿ ಇದ್ರೆ ಸಾಕು ಬಿಡಿ.

ನೋಡ್ಬೇಕಾದ್ದು ಮೈಬಣ್ಣ. ಕೈಯಿಂದ ಕೈಗೆ ಓಡಾಡಿ ಸವೆದ ಬೆಳ್ಳಿ ಬೂದುಬಣ್ಣಕ್ಕೆ ತಿರುಗಿ ಅಕ್ಷರದ ಸಂದಿಯಲ್ಲಿ ಕಪ್ಪು ಕೂತಿರತ್ತೆ, ಲೆನ್ಸ್ ಹಿಡಿದು ನಾಣ್ಯನ ಟ್ಯೂಬ್‌ಲೈಟ್ ಕೆಳಗೆ ವಾಲಿಸಿದ್ರೆ ಗೀರುಗಳು ದಿಕ್ಕಾಪಾಲಾಗಿ ಕಾಣ್ತವೆ. ತಿಕ್ಕಿದ್ದಾದ್ರೆ ಕೂದಲೆಳೆ ಥರ ಒಂದೇ ಕಡೆಗೆ ಓಡಿರೋ ಗೀರು. ಆಮೇಲೆ ಅಂಚು ನೋಡಿ. ನಮ್ಮ ಕಡೆ ಕಾಸಿನ ಸರಕ್ಕೆ ಕೊಂಡಿ ಬೆಸೆದು ಆಮೇಲೆ ಕಿತ್ತು ಅರ ಹಾಕಿರೋದು ಬಹಳ, ಆ ಜಾಗದಲ್ಲಿ ಅಂಚಿನ ಗೆರೆ ಮಾಯ ಆಗಿರತ್ತೆ. ಅಂಥದಕ್ಕೆ ಅರ್ಧ ರೇಟೂ ಕೊಡ್ಬೇಡಿ.

ನಾನೂ ಏಮಾರಿದ್ದೀನಿ. ಶುರುವಲ್ಲಿ ಒಂದು ನಾಣ್ಯ ಮೇಳದಲ್ಲಿ 1939 ಸಿಕ್ತು ಅಂತ ಕುಣಿದಾಡಿ ತಂದೆ, ತೂಕ ಸರಿ, ಬೆಳ್ಳಿ ಸರಿ. ಮನೇಲಿ ರಾತ್ರಿ ಲೆನ್ಸ್ ಇಟ್ರೆ 9ರ ಎಡಗಡೆ ಕೆಳಗೆ ತಗ್ಗು, ಸುತ್ತ ಮೈ ನುಣ್ಣಗೆ. 1938ರ ಎಂಟನ್ನ ಕೆತ್ತಿ ಒಂಬತ್ತು ಮಾಡಿದ್ರು. ಅವತ್ತಿಂದ ರಾಜನ ಮುಖ ಆಮೇಲೆ, ಮೊದ್ಲು ಇಸವಿಯ ನಾಲ್ಕು ಅಂಕಿನ ಬಿಡಿಬಿಡಿಯಾಗಿ ನೋಡ್ತೀನಿ.

ಅಜ್ಜಿಯ 1911 ಅಸಲಿ. ಮೊಮ್ಮಗನಿಗೆ ರೇಟ್ ಹೇಳಿದೆ, ತಿಕ್ಕದೇ ಇದ್ದಿದ್ರೆ ಎಷ್ಟಾಗ್ತಿತ್ತು ಅಂತಾನೂ ಹೇಳಿದೆ, ಅವ್ನ ಮುಖ ಸಣ್ಣಗಾಯ್ತು. ಅಜ್ಜಿ ಮಾರೋಕೆ ಒಪ್ಲಿಲ್ಲ. ಹೋಗ್ಲಿ, ಈ ಸಲ ಹಬ್ಬಕ್ಕೆ ಇದೊಂದನ್ನ ತಿಕ್ಬೇಡಿ ಅಜ್ಜಿ, ಪ್ಲಾಸ್ಟಿಕ್ ಕವರಿಗೂ ಹಾಕ್ಬೇಡಿ, ಪೇಪರ್ ಕವರಲ್ಲಿಡಿ ಅಂದೆ.

"ಹಂಗಾರೆ ನನ್ ಲಕ್ಷ್ಮಿ ಕೊಳೇಲೇ ಕೂರ್ಬೇಕೇನಪ್ಪ?" ಅಂದು ಗಂಟು ಕಟ್ಕೊಂಡ್ರು.